ಕುಣಿತ ನಿಮ್ಮದು, ಮಾತು ನಮ್ಮದು

ಜಗತ್ತಿನಲ್ಲಿ ಸಂಗೀತ ಎರಡೇ ಬಗೆ. ಒಂದು, ಸಂಗೀತ. ಇನ್ನೊಂದು, ವರ್ಲ್ಡ್ ಮ್ಯೂಸಿಕ್. ಇಂಗ್ಲಿಷಿನಲ್ಲಿ ಹಾಡಿದರೆ ಮೊದಲನೆಯದು. ಉಳಿದ ಸುಮಾರು 7,000 ಚಿಲ್ಲರೆ ಭಾಷೆಗಳಲ್ಲಿ ಯಾವುದರಲ್ಲಿ ಹಾಡಿದರೂ ಎರಡನೆಯದು.

ಈ ಪಾಲು ಮಾಡಿದವರು ಯಾರು ಅಂತ ಕೇಳಬೇಡಿ. ಕೇಳಿದರೆ ಹೇಳಲೇಬೇಕಾಗುತ್ತದೆ. 1987ರಲ್ಲಿ ಲಂಡನ್ನಿನ ಒಂದು ಪಬ್ಬಿನಲ್ಲಿ ಕೆಲವು ರೆಕಾರ್ಡ್ ಕಂಪನಿಯವರು ಸೇರಿದರು. ಅವರ ಕಷ್ಟ ಸುಳ್ಳಲ್ಲ. ಆಫ್ರಿಕಾದ ಹಾಡು, ಬಲ್ಗೇರಿಯಾದ ಹಾಡು, ಕವ್ವಾಲಿ ಇವನ್ನೆಲ್ಲ ಯಾವ ಖಾನೆಯಲ್ಲಿ ಇಡಬೇಕೆಂದು ಅಂಗಡಿಯವರಿಗೆ ಗೊತ್ತಾಗುತ್ತಿರಲಿಲ್ಲ. ಪಾಪ. ಮನೆಯಲ್ಲಿ ಎಲ್ಲೂ ಸೇರದ ಸಾಮಾನನ್ನು ಒಂದೇ ಡಬ್ಬಕ್ಕೆ ತುಂಬುತ್ತೇವಲ್ಲ, ಇವರೂ ಹಾಗೇ ಮಾಡಿದರು. ಡಬ್ಬಕ್ಕೆ ‘ಲೋಕ’ ಅಂತ ಹೆಸರಿಟ್ಟರು.

1992ರಲ್ಲಿ ಗ್ರ್ಯಾಮಿಯವರೂ ಈ ಡಬ್ಬಕ್ಕೆ ಒಂದು ಪ್ರಶಸ್ತಿ ಕೊಡತೊಡಗಿದರು. ಇಡೀ ಲೋಕವನ್ನು ಜಾಲಾಡಿ, ಮೊದಲ ಪ್ರಶಸ್ತಿ ಯಾರಿಗೆ ಕೊಟ್ಟರು ಹೇಳಿ? ಅಮೆರಿಕದ ರಾಕ್ ಡ್ರಮ್ಮರ್ ಮಿಕ್ಕಿ ಹಾರ್ಟ್ ಅವರಿಗೆ. ಜೊತೆಗೆ ನುಡಿಸಿದವರಲ್ಲಿ ನಮ್ಮ ಜಾಕಿರ್ ಹುಸೇನ್ ಇದ್ದರು, ಘಟದ ವಿನಾಯಕರಾಂ ಇದ್ದರು. ಒಳಗೆ ಲೋಕ ಇತ್ತು, ಮುಚ್ಚಳದ ಮೇಲೆ ಅಮೆರಿಕ. 2020ರಲ್ಲಿ ಗ್ರ್ಯಾಮಿಯವರಿಗೆ ಆ ಹೆಸರಿನಲ್ಲಿ ವಸಾಹತುಶಾಹಿಯ ವಾಸನೆ ಬಡಿಯಿತು. ‘ವರ್ಲ್ಡ್’ ತೆಗೆದು ‘ಗ್ಲೋಬಲ್’ ಅಂಟಿಸಿದರು. ವಾಸನೆ ಹೋಯಿತಂತೆ.

ಇಂಗ್ಲಿಷಿಗೆ ಅಷ್ಟು ಹತ್ತಿರದಲ್ಲಿರುವ ಯೂರೋಪಿನವರಾದರೂ ನೆಮ್ಮದಿಯಾಗಿದ್ದಾರಾ? ದೇಶಕ್ಕೊಂದು ಹಾಡಿನಂತೆ ವರ್ಷವರ್ಷ ನಡೆಯುವ ಯೂರೋವಿಷನ್ ಹಾಡಿನ ಸ್ಪರ್ಧೆಯಲ್ಲಿ ನಿಮ್ಮ ದೇಶದ ಭಾಷೆಯಲ್ಲೇ ಹಾಡಿ ಎಂಬ ನಿಯಮವಿತ್ತು. 1999ರಲ್ಲಿ ಅದನ್ನು ಕೈಬಿಟ್ಟು, ಇಷ್ಟ ಬಂದ ಭಾಷೆಯಲ್ಲಿ ಹಾಡಿ ಅಂದರು. ಬಿಡುಗಡೆ ಸಿಕ್ಕಿದ್ದೇ ತಡ, ಬಹಳ ಮಂದಿಗೆ ಒಂದೇ ಭಾಷೆ ಇಷ್ಟ ಬಂದುಬಿಟ್ಟಿತು. ಎಂಥ ಕಾಕತಾಳೀಯ ಅಲ್ವಾ!

2003ರಲ್ಲಿ ಟರ್ಕಿ ಮೊದಲ ಸಲ ಗೆದ್ದಿತು. ರಾಗದ ಘಾಟು ಅಲ್ಲಿನದು, ಕುಣಿತ ಅಲ್ಲಿನದು. ಮಾತು? ಇಂಗ್ಲಿಷ್. ಸೊಂಟಕ್ಕೆ ಅನುವಾದ ಬೇಕಾಗಿಲ್ಲ, ನಾಲಿಗೆಗೆ ಮಾತ್ರ ಬೇಕು.

ಅದೇ ವರ್ಷ ಬೆಲ್ಜಿಯಂ ಮಾಡಿದ್ದು ಇನ್ನೂ ಸೊಗಸು. ಆ ದೇಶಕ್ಕೆ ಅಧಿಕೃತ ಭಾಷೆ ಮೂರು: ಡಚ್, ಫ್ರೆಂಚ್, ಜರ್ಮನ್. ಒಂದರಲ್ಲಿ ಹಾಡಿದರೆ ಉಳಿದವರಿಗೆ ಮುನಿಸು. ಅದಕ್ಕೇ ಇರಬೇಕು (ಇದು ನನ್ನ ಊಹೆ), ಎಲ್ಲೂ ಇಲ್ಲದ ಭಾಷೆಯೊಂದನ್ನು ತಾವೇ ಕಟ್ಟಿಕೊಂಡು ಹಾಡಿದರು. ಎರಡನೇ ಸ್ಥಾನ ಬಂತು. ಟರ್ಕಿಗಿಂತ ಬರೀ 2 ಅಂಕ ಕಡಿಮೆ. ಲೋಕದಲ್ಲಿ ಒಬ್ಬರ ತಾಯಿನುಡಿಯೂ ಅಲ್ಲದ ಭಾಷೆಗೆ ಸಿಕ್ಕ ಮರ್ಯಾದೆ ಇದು. ತಾಯಂದಿರಿರುವ ಭಾಷೆಗಳು ನೋಡಿ ಕಲಿಯಬೇಕು.

ಫ್ರಾನ್ಸಿನವರದು ಬೇರೆ ದಾರಿ. ಅವರು ಅಭಿಮಾನವನ್ನು ಅಳೆದು ಕೊಡುತ್ತಾರೆ. 1994ರಲ್ಲಿ ಕಾನೂನು ಮಾಡಿದರು: ರೇಡಿಯೋದಲ್ಲಿ ಬರುವ ಜನಪ್ರಿಯ ಹಾಡುಗಳಲ್ಲಿ ಶೇಕಡಾ 40 ಫ್ರೆಂಚಿನಲ್ಲೇ ಇರಬೇಕು. ಪ್ಯಾರಿಸ್ಸಿನ ಡಾಫ್ಟ್ ಪಂಕ್ ಜೋಡಿ ಇಂಗ್ಲಿಷ್ ಹಾಡು ಮಾಡಿ ಜಗತ್ತನ್ನೇ ಕುಣಿಸಿತು. ಕಾನೂನಿನ ತಕ್ಕಡಿಯಲ್ಲಿ ಆ ಹಾಡುಗಳ ತೂಕ ಸೊನ್ನೆ. ಮನೆಮಕ್ಕಳೇ ಪರದೇಶಿಗಳು.

ಇಂಥ ಫ್ರಾನ್ಸ್ 2008ರಲ್ಲಿ ಯೂರೋವಿಷನ್ನಿಗೆ ಸೆಬಾಸ್ಟಿಯನ್ ತೆಲ್ಲಿಯೇ ಅವರನ್ನು ಆರಿಸಿತು. ಹಾಡು ಬಹುಪಾಲು ಇಂಗ್ಲಿಷ್! ಸಂಸದರು ಕೆಂಡವಾದರು. ಕೊನೆಗೆ ಗಾಯಕರು ಇನ್ನೊಂದಿಷ್ಟು ಫ್ರೆಂಚ್ ಪದ ಸೇರಿಸಲು ಒಪ್ಪಿದರು, ಮದುವೆ ಊಟದಲ್ಲಿ ಎಲೆ ತುದಿಗೆ ಉಪ್ಪು ಬಡಿಸಿದ ಹಾಗೆ. ದೇಶದ ಮಾನ ಉಳಿಯಿತು.

ಸ್ಪರ್ಧೆಯ ದಿನ ಅವರು ವೇದಿಕೆಗೆ ಬಂದದ್ದು ಗಾಲ್ಫ್ ಗಾಡಿಯಲ್ಲಿ. ಕೈಯಲ್ಲೊಂದು ಗಾಳಿ ತುಂಬಿದ ಭೂಗೋಳ. ಹಾಡಿನ ನಡುವೆ ಅದರ ಬಾಯಿ ಬಿಚ್ಚಿ ಒಳಗಿದ್ದ ಹೀಲಿಯಂ ಎಳೆದುಕೊಂಡು ಹಾಡಿದರು. ಲೋಕವನ್ನೇ ಹೀರಿ ಬಂದ ಆ ಕೀಚಲು ದನಿಯನ್ನು ಶೇಕಡಾ 40ಕ್ಕೆ ಸೇರಿಸಬೇಕೋ 60ಕ್ಕೆ ಸೇರಿಸಬೇಕೋ, ಕಾನೂನಿನಲ್ಲಿ ಬರೆದಿಲ್ಲ.