ಬ್ಯಾಟರಿ ಸತ್ತಿರಲಿಲ್ಲ, ಮೈಲುತುತ್ತ ಹಿಡಿದಿತ್ತು

ಕಳೆದ ತಿಂಗಳು ಅಪ್ಪಯ್ಯ ಕಣ್ಣು ತೋರಿಸಲೆಂದು ತೀರ್ಥಹಳ್ಳಿ ಕಡೆಯ ನಮ್ಮ ಊರಿನಿಂದ ಬೆಂಗಳೂರಿಗೆ ಬಂದಿದ್ದರು. ಬೆಳಿಗ್ಗೆ ಎಂಟೂವರೆಗೆ ವೈದ್ಯರು ಸಮಯ ಕೊಟ್ಟಿದ್ದರು. ಉತ್ತರಹಳ್ಳಿಯಿಂದ ಜಯನಗರಕ್ಕೆ ಆ ಹೊತ್ತಿನಲ್ಲಿ ಒಂದು ಗಂಟೆಯಾದರೂ ಬೇಕು ಎಂದು ಏಳೂಕಾಲಿಗೇ ಅಪಾರ್ಟ್‌ಮೆಂಟಿನ ನೆಲಮಾಳಿಗೆಗೆ ಇಳಿದು, ಅವರನ್ನು ಮುಂದಿನ ಸೀಟಿನಲ್ಲಿ ಕೂರಿಸಿ ಕೀಲಿ ತಿರುಗಿಸಿದೆ. ಕಾರು ‘ಟಕ್’ ಎಂದಿತು. ಇನ್ನೊಮ್ಮೆ ತಿರುಗಿಸಿದೆ. ಮತ್ತೆ ಟಕ್. ದೀಪ ಉರಿಯುತ್ತಿದೆ, ಹಾರ್ನ್ ಕೂಗುತ್ತಿದೆ, ರೇಡಿಯೋ ಹಾಡುತ್ತಿದೆ. ಎಂಜಿನ್ ಮಾತ್ರ ಕದಲಲೊಲ್ಲದು.

ಬೀದಿಯ ತುದಿಯಲ್ಲಿರುವ ಗ್ಯಾರೇಜಿಗೆ ಫೋನ್ ಮಾಡಿದೆ. ನಾನು ಲಕ್ಷಣ ಹೇಳಿ ಮುಗಿಸುವುದರೊಳಗೆ ತೀರ್ಪು ಬಂತು: “ಬ್ಯಾಟರಿ ಹೋಗಿದೆ ಸಾರ್. ಹೊಸದು ಹಾಕಿಸಿಬಿಡಿ. ಹುಡುಗನನ್ನು ಕಳಿಸಲೇ?” ಐದು ಸಾವಿರದ ಮೇಲೆ ಚಿಲ್ಲರೆ. ಕಳಿಸಿ ಎನ್ನುವವನೇ ಇದ್ದೆ. ಎರಡು ವರ್ಷದ ಹಿಂದೆ ಇದೇ ‘ಟಕ್’ಗೆ ಇದೇ ತೀರ್ಪು ಕೊಟ್ಟ ಇನ್ನೊಂದು ಅಂಗಡಿಯವರಿಗೆ ತುಟಿ ಪಿಟಕ್ಕೆನ್ನದೆ ದುಡ್ಡು ಎಣಿಸಿಕೊಟ್ಟವನು ನಾನು. ಅಷ್ಟರಲ್ಲಿ ಅಪ್ಪಯ್ಯ ಬಾಗಿಲು ತೆಗೆದು ಇಳಿದು, “ಮೊದಲು ಅದರ ಬಾಯಿ ತೆರೆ, ನೋಡುವ” ಎಂದರು.

ಬಾನೆಟ್ ಎತ್ತಿದೆ. ಕಾರು ಕೊಂಡು ಆರು ವರ್ಷವಾಗಿದೆ. ಗಾಜು ತೊಳೆಯುವ ನೀರು ತುಂಬಿಸಲು ಎತ್ತಿದ್ದು ಬಿಟ್ಟರೆ ಅದರ ಹೊಟ್ಟೆಯೊಳಗೆ ಏನಿದೆ ಎಂದು ನಾನು ನೋಡಿದವನಲ್ಲ. ಬ್ಯಾಟರಿಯ ಪಾಸಿಟಿವ್ ತುದಿಯ ಮೇಲೆ ಬಿಳಿಯೂ ನೀಲಿಯೂ ಬೆರೆತ ಪುಡಿ ಹೂಕೋಸಿನಂತೆ ಅರಳಿ ನಿಂತಿತ್ತು. ಕಣ್ಣಿನ ಪೊರೆ ತೋರಿಸಲು ಬಂದ ಎಪ್ಪತ್ತಾರು ವರ್ಷದ ಮನುಷ್ಯ ನನಗಿಂತ ಮೊದಲು ಅದನ್ನು ಕಂಡು, “ಇದೇನು ಮಾರಾಯ, ಇಲ್ಲಿ ಮೈಲುತುತ್ತ ಚೆಲ್ಲಿದವರು ಯಾರು?” ಎಂದು ಕೇಳಿದರು.

ತಮಾಷೆಗೆ ಅಂದ ಮಾತಲ್ಲ ಅದು. ನಿಜಕ್ಕೂ ಅದು ಮೈಲುತುತ್ತವೇ.

ಅಂದು ಆಟೊ ಹಿಡಿದು ಆಸ್ಪತ್ರೆಗೆ ಹೋಗಿ ಬಂದೆವು. ಬ್ಯಾಟರಿಯ ಕೆಲಸ ನಡೆದದ್ದು ಮಧ್ಯಾಹ್ನ ಊಟವಾದ ಮೇಲೆ. ಕಣ್ಣಿಗೆ ಹನಿ ಹಾಕಿಸಿಕೊಂಡು ಬಂದ ಅಪ್ಪಯ್ಯನಿಗೆ ಎಲ್ಲವೂ ಮಂಜು ಮಂಜು. ಕಪ್ಪು ಕನ್ನಡಕ ಹಾಕಿಕೊಂಡು, ಕಾವಲುಗಾರನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಏನೂ ಕಾಣದೆಯೇ ಅವರು ಅಪ್ಪಣೆ ಕೊಡಿಸುತ್ತಿದ್ದರು. ಕಣ್ಣಿದ್ದ ನಾನು ಸ್ಪ್ಯಾನರ್ ಹಿಡಿದಿದ್ದೆ.

ಈಗ ಆ ಪುಡಿಯ ಕತೆ. ನಾವು ಇದನ್ನು ತುಕ್ಕು ಎನ್ನುತ್ತೇವೆ. ತುಕ್ಕು ಕಬ್ಬಿಣದ್ದು. ಇದಕ್ಕೆ ಸರಿಯಾದ ಮಾತು ಕನ್ನಡದಲ್ಲಿ ಮೊದಲಿನಿಂದಲೂ ಇದೆ: ಕಿಲುಬು. ತಾಮ್ರದ ಹಂಡೆ, ಹಿತ್ತಾಳೆಯ ತಂಬಿಗೆಗೆ ಹಿಡಿಯುತ್ತದಲ್ಲ, ಅದರ ದಾಯಾದಿ ಇದು. ಬ್ಯಾಟರಿಯೊಳಗೆ ಸೀಸದ ತಟ್ಟೆಗಳು, ನೀರು ಬೆರೆಸಿದ ಗಂಧಕಾಮ್ಲ. ಫ್ರಾನ್ಸಿನ ಗಾಸ್ತೋ ಪ್ಲಾಂಟೆ 1859ರಲ್ಲಿ ಮಾಡಿ ತೋರಿಸಿದ ಏರ್ಪಾಡು. ಮೂಲ ಲೆಕ್ಕ ಇವತ್ತಿಗೂ ಅದೇ. ಚಾರ್ಜ್ ಆಗುವಾಗ ಒಳಗಿನ ನೀರು ಒಡೆದು ಗಾಳಿಯಾಗಿ ಗುಳ್ಳೆ ಏಳುತ್ತದೆ. ಆ ಗುಳ್ಳೆಗಳು ಮುಚ್ಚಳದ ರಂಧ್ರದಿಂದ ಹೊರಬರುವಾಗ ಆಮ್ಲದ ತುಂತುರನ್ನೂ ಹೊತ್ತು ತರುತ್ತವೆ. ತಂತಿ ಜೋಡಿಸುವ ತುದಿಯ, ಅಂದರೆ ಟರ್ಮಿನಲ್ಲಿನ, ಬುಡದ ಸಂದಿನಿಂದಲೂ ಸ್ವಲ್ಪ ಜಿನುಗುತ್ತದೆ. ಅದು ಸೀಸಕ್ಕೆ ತಗುಲಿದರೆ ಬಿಳಿ ಪುಡಿ, ಸೀಸದ ಸಲ್ಫೇಟ್. ಆ ತುದಿಯನ್ನು ತಬ್ಬಿ ಹಿಡಿಯುವ ಕ್ಲಾಂಪ್‌ನಲ್ಲೋ ತಂತಿಯಲ್ಲೋ ಇರುವ ತಾಮ್ರಕ್ಕೆ ತಗುಲಿದರೆ ನೀಲಿ ಪುಡಿ, ತಾಮ್ರದ ಸಲ್ಫೇಟ್. ಅಂದರೆ ಮಳೆಗಾಲ ಹಿಡಿಯುವ ಮುಂಚೆ ಕೊಳೆರೋಗ ಬಾರದಿರಲೆಂದು ನಮ್ಮ ಅಡಿಕೆ ಗೊನೆಗಳಿಗೆ ಹೊಡೆಯುವ ಬೋರ್ಡೋ ದ್ರಾವಣದ ಮೈಲುತುತ್ತ. ಅಪ್ಪಯ್ಯ ಐವತ್ತು ವರ್ಷ ಕಲಸಿದ್ದು ಅದನ್ನೇ.

ನನಗೆ ಅಮ್ಮ ಹಂಡೆ ಬೆಳಗುತ್ತಿದ್ದುದು ನೆನಪಾಗಿ, “ಹುಣಸೆಹುಳಿ ತರಲೇ?” ಎಂದು ಕೇಳಿದೆ. ಅಪ್ಪಯ್ಯ ಕನ್ನಡಕದ ಹಿಂದಿನಿಂದಲೇ ನಕ್ಕರು. “ಹುಳಿಯಿಂದ ಹುಟ್ಟಿದ ರೋಗಕ್ಕೆ ಹುಳಿಯೇ ಮದ್ದೇ? ನಾವು ತುತ್ತಕ್ಕೆ ಸುಣ್ಣ ಯಾಕೆ ಹಾಕುತ್ತೇವೆ, ಮರೆತೆಯಾ?”

ಮರೆತಿರಲಿಲ್ಲ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಬರೀ ತುತ್ತದ ನೀರು ಹುಳಿ. ಹಾಗೆಯೇ ಹೊಡೆದರೆ ಗೊನೆ ಸುಟ್ಟುಹೋಗುತ್ತದೆ. ಸುಣ್ಣ ಸೇರಿ ಹುಳಿ ಮುರಿಯಬೇಕು. ಮುರಿದಿದೆಯೋ ಇಲ್ಲವೋ ನೋಡಲು ಹೊಳೆಯುವ ಕತ್ತಿಯನ್ನು ದ್ರಾವಣದಲ್ಲಿ ಅದ್ದುತ್ತಿದ್ದೆವು. ಅಲಗಿಗೆ ಕೆಂಪು ತಾಮ್ರ ಹತ್ತಿದರೆ ಇನ್ನೂ ಸುಣ್ಣ ಬೇಕು ಎಂದರ್ಥ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಗೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಅವರು ಕಳೆದ ಶತಮಾನದ ಆರಂಭದಲ್ಲಿ ಕೊಳೆರೋಗದ ಬೆನ್ನು ಹತ್ತಿ ಈ ಮದ್ದನ್ನು ಮಲೆನಾಡಿನ ತೋಟಗಳಿಗೆ ಕಲಿಸಿದರು. ನಮ್ಮ ಕಡೆಯ ಹಿರಿಯರು ಅವರ ಹೆಸರು ಹೇಳುವಾಗ ಈಗಲೂ ದನಿ ತಗ್ಗಿಸುತ್ತಾರೆ. ಇರಲಿ, ಬ್ಯಾಟರಿಗೆ ಬರುತ್ತೇನೆ.

ಬ್ಯಾಟರಿಯ ಹುಳಿ ಮುರಿಯಲು ಸುಣ್ಣ ಒಳ್ಳೆಯದಲ್ಲ. ಅದು ಗಂಧಕಾಮ್ಲದ ಜೊತೆ ಕೂಡಿ ಜಿಪ್ಸಮ್ ಆಗಿ ಗಾರೆಯಂತೆ ಅಲ್ಲೇ ಕೂರುತ್ತದೆ. ಬೇಕಾದದ್ದು ಬೋಂಡಾ ಹಿಟ್ಟಿಗೆ ಹಾಕುವ ಅಡುಗೆ ಸೋಡಾ. ಒಂದು ಲೋಟ ನೀರಿಗೆ ಒಂದು ದೊಡ್ಡ ಚಮಚ. ಸುರಿದ ಕೂಡಲೇ ಬುಸಬುಸ ನೊರೆ ಏಳುತ್ತದೆ; ಮತ್ತೆ ಸುರಿದಾಗ ನೊರೆ ಏಳದಿದ್ದರೆ ಹುಳಿ ಮುಗಿಯಿತು. ಕತ್ತಿ ಅದ್ದುವ ಅಗತ್ಯವಿಲ್ಲ, ಪರೀಕ್ಷೆ ಮದ್ದಿನಲ್ಲೇ ಇದೆ. ಕೋಲಾ ಸುರಿಯಿರಿ ಎಂದು ಸಲಹೆ ಕೊಡುವವರು ಬಹಳ. ಕೋಲಾದಲ್ಲಿ ಇರುವುದೂ ಆಮ್ಲವೇ, ಫಾಸ್ಫಾರಿಕ್ ಆಮ್ಲ. ಪುಡಿ ಕರಗಿದಂತೆ ಕಾಣುತ್ತದೆ. ಮೇಲೆ ಸಕ್ಕರೆಯ ಅಂಟು ಉಳಿದು ಧೂಳು ಕೂರುತ್ತದೆ. ಕುಡಿಯುವುದಕ್ಕೇ ಅದು ಅಷ್ಟು ಯೋಗ್ಯವಲ್ಲ ಎಂಬುದು ನನ್ನ ಅಭಿಪ್ರಾಯ. ಬ್ಯಾಟರಿಗಂತೂ ಬೇಡವೇ ಬೇಡ.

ದೀಪ ಉರಿದೂ ಎಂಜಿನ್ ಏಕೆ ಕದಲಲಿಲ್ಲ? ಇದು ಗೊತ್ತಿಲ್ಲದ್ದರಿಂದಲೇ ನಾವು ಬ್ಯಾಟರಿ ಅಂಗಡಿಗಳನ್ನು ಸಾಕುತ್ತಿದ್ದೇವೆ. ಸ್ಟಾರ್ಟರ್ ಮೋಟರು ಎಂಜಿನ್ನನ್ನು ತಿರುಗಿಸುವ ಕ್ಷಣದಲ್ಲಿ ಸಣ್ಣ ಕಾರಿನಲ್ಲೂ ನೂರು, ನೂರೈವತ್ತು ಆಂಪಿಯರ್ ಎಳೆಯುತ್ತದೆ. ಎರಡು ಹೆಡ್‌ಲೈಟ್‌ಗಳಿಗೆ ಹತ್ತು ಆಂಪಿಯರ್ ಸಾಕು. ಟರ್ಮಿನಲ್ಲಿಗೂ ಕ್ಲಾಂಪ್‌ಗೂ ನಡುವೆ ಕಿಲುಬು ಸೇರಿ ಓಮ್‌ನ ನೂರರ ಒಂದು ಪಾಲಿನಷ್ಟು ತಡೆ ಉಂಟಾಯಿತು ಎನ್ನಿ. ಆಂಪಿಯರನ್ನು ಆ ತಡೆಯಿಂದ ಗುಣಿಸಿದರೆ ದೀಪದ ದಾರಿಯಲ್ಲಿ ನಷ್ಟವಾಗುವುದು 0.1 ವೋಲ್ಟ್, ದೀಪಕ್ಕೆ ಅದು ಗೊತ್ತೇ ಆಗುವುದಿಲ್ಲ. ಸ್ಟಾರ್ಟರಿನ ದಾರಿಯಲ್ಲಿ ನಷ್ಟವಾಗುವುದು 1.5 ವೋಲ್ಟ್. ಅದಕ್ಕಿಂತ ಹೆಚ್ಚು ಕಿಲುಬು ಕಟ್ಟಿದರೆ ಉಳಿಯುವುದು ‘ಟಕ್’ ಮಾತ್ರ. ಆಟೊ ಚಾಲಕರು ಸ್ಪ್ಯಾನರಿನಿಂದ ಟರ್ಮಿನಲ್ಲಿಗೆ ಎರಡು ಏಟು ಕೊಟ್ಟು ಗಾಡಿ ಚಾಲೂ ಮಾಡುವುದನ್ನು ನೀವು ನೋಡಿರಬಹುದು. ಮಂತ್ರವಲ್ಲ ಅದು, ಕ್ಲಾಂಪ್ ಒಂದಿಷ್ಟು ಜರುಗಿ ಹೊಸ ಲೋಹಕ್ಕೆ ತಗಲುತ್ತದೆ, ಅಷ್ಟೇ. ಆದರೆ ಸೀಸ ಮೆತ್ತಗಿನ ಲೋಹ. ಏಟು ಬಿದ್ದಷ್ಟೂ ಬುಡ ಸಡಿಲವಾಗಿ ಆಮ್ಲ ಇನ್ನಷ್ಟು ಜಿನುಗುತ್ತದೆ.

ಎಸ್.ಪಿ. ರಸ್ತೆಯಲ್ಲಿ ಕೆಲವು ನೂರು ರೂಪಾಯಿಗೆ ಸಿಗುವ, ವೋಲ್ಟ್ ಅಳೆಯುವ ಮಲ್ಟಿಮೀಟರ್ ಮನೆಯಲ್ಲಿದ್ದರೆ ಅನುಮಾನಕ್ಕೆ ಜಾಗವೇ ಇಲ್ಲ. ಒಂದು ಕಡ್ಡಿಯನ್ನು ಟರ್ಮಿನಲ್ಲಿನ ನೆತ್ತಿಗೆ, ಇನ್ನೊಂದನ್ನು ಅದನ್ನೇ ಹಿಡಿದಿರುವ ಕ್ಲಾಂಪ್‌ಗೆ ಮುಟ್ಟಿಸಿ, ಇನ್ನೊಬ್ಬರಿಂದ ಕೀಲಿ ತಿರುಗಿಸಿ. ಎರಡೂ ತಬ್ಬಿಕೊಂಡಿರುವ ಲೋಹಗಳು, ಮೀಟರು ಹೆಚ್ಚುಕಡಿಮೆ ಸೊನ್ನೆ ತೋರಿಸಬೇಕು. ಅರ್ಧ ವೋಲ್ಟ್ ತೋರಿಸಿದರೆ ಕಳ್ಳ ಅಲ್ಲೇ ಇದ್ದಾನೆ.

ಬಿಚ್ಚುವ ಕ್ರಮದ ವಿಷಯದಲ್ಲಿ ನಾನು ಹಟಮಾರಿ. ಎಂಜಿನ್ ಆರಿಸಿ, ಕೀಲಿ ತೆಗೆದು, ಮೊದಲು ನೆಗೆಟಿವ್ ಬಿಚ್ಚಬೇಕು. ಹಾಕುವಾಗ ಅದನ್ನು ಕೊನೆಗೆ ಹಾಕಬೇಕು. ಕಾರಿನ ಇಡೀ ಮೈ ನೆಗೆಟಿವ್‌ಗೆ ಜೋಡಣೆಯಾಗಿರುತ್ತದೆ. ನೆಗೆಟಿವ್ ಇನ್ನೂ ಹಾಗೆಯೇ ಇರುವಾಗ ಪಾಸಿಟಿವ್‌ನ ಬೋಲ್ಟ್ ತಿರುಗಿಸಲು ಹೋಗಿ ಸ್ಪ್ಯಾನರಿನ ಬಾಲ ಕಾರಿನ ಮೈಗೆ ತಾಗಿದರೆ ದೊಡ್ಡ ಕಿಡಿ ಹಾರುತ್ತದೆ. ಪಕ್ಕದಲ್ಲೇ ಬ್ಯಾಟರಿಯಿಂದ ಬಂದ ಹೈಡ್ರೋಜನ್ ಇರಬಹುದು. ಗಾಳಿಯಲ್ಲಿ ನೂರಕ್ಕೆ 4 ಭಾಗವಿದ್ದರೂ ಹೊತ್ತಿಕೊಳ್ಳುವ ಅನಿಲ ಅದು. ಉಂಗುರ, ಲೋಹದ ಗಡಿಯಾರ ತೆಗೆದಿಡಿ. ಕೈಗವಸು, ಕನ್ನಡಕ ಇರಲಿ. ಪುಡಿಯನ್ನು ಬಾಯಿಂದ ಊದಬೇಡಿ, ಅದರಲ್ಲಿ ಸೀಸವಿದೆ. ಕ್ಲಾಂಪ್ ಬಿಗಿಯಾಗಿದ್ದರೆ ಮೆಲ್ಲಗೆ ತಿರುವುತ್ತಾ ಮೇಲಕ್ಕೆ ಬಿಡಿಸಿ, ಸುತ್ತಿಗೆ ಬೇಡ. ಕೆಲವು ಹೊಸ ಕಾರುಗಳಲ್ಲಿ ನೆಗೆಟಿವ್ ಕ್ಲಾಂಪ್‌ಗೆ ಪುಟ್ಟ ಸೆನ್ಸರ್ ಅಂಟಿಕೊಂಡಿರುತ್ತದೆ, ಅದರ ಮೇಲೆ ನೀರು ಸುರಿಯಬೇಡಿ.

ಬ್ಯಾಟರಿಯ ಮುಚ್ಚಳಗಳೆಲ್ಲ ಬಿಗಿಯಾಗಿವೆಯೇ ಎಂದು ನೋಡಿದ ಮೇಲೆಯೇ ಸೋಡಾ ನೀರು. ಒಳಗೆ ಇಳಿದರೆ ಬೇಕಾದ ಆಮ್ಲವೇ ಕೆಡುತ್ತದೆ. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ. ನೀಲಿ ಪುಡಿ ನೀರಿನಲ್ಲಿ ಕರಗುತ್ತದೆ. ಬಿಳಿಯದು ಕರಗುವುದಿಲ್ಲ, ತಿಕ್ಕಿಯೇ ತೆಗೆಯಬೇಕು. ಆಮೇಲೆ ಶುದ್ಧ ನೀರಿನಿಂದ ತೊಳೆದು ಒರೆಸಿ, ಕ್ಲಾಂಪ್‌ನ ಒಳಮೈಗೂ ಟರ್ಮಿನಲ್ಲಿನ ಸುತ್ತಲೂ ಉಪ್ಪುಕಾಗದದಿಂದ ಹೊಳಪು ಬರುವಷ್ಟು ಉಜ್ಜಿ. ಹೊರಗೆ ಥಳಥಳ ಮಾಡಿ ಒಳಮೈ ಮರೆತರೆ ಮಾಡಿದ ಕೆಲಸವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು. ತೊಳೆದ ನೀರನ್ನು ಗಿಡದ ಬುಡಕ್ಕೆ ಚೆಲ್ಲಬೇಡಿ.

ಬಿಗಿ ಮಾಡಿದ ಮೇಲೆ ವ್ಯಾಸಲಿನ್ ಸವರಿ. ಆಮೇಲೆ, ಮೊದಲು ಅಲ್ಲ. ಗ್ರೀಸು, ವ್ಯಾಸಲಿನ್‌ಗಳಲ್ಲಿ ವಿದ್ಯುತ್ ಹರಿಯುವುದಿಲ್ಲ. ಲೋಹ ಲೋಹವನ್ನು ಗಟ್ಟಿಯಾಗಿ ಹಿಡಿದ ನಂತರ ತೇವವೂ ಆಮ್ಲದ ಹಬೆಯೂ ಸೋಕದಿರಲೆಂದು ಹೊದಿಸುವ ಕಂಬಳಿ ಅದು. ನಮ್ಮ ಗ್ಯಾರೇಜಿನ ಹುಡುಗರು ಹಳೆಯ ಕಿಲುಬಿನ ಮೇಲೆಯೇ ಕಪ್ಪು ಗ್ರೀಸು ಮೆತ್ತಿ ‘ಸರ್ವಿಸ್ ಆಯಿತು’ ಎನ್ನುವುದನ್ನು ಕಂಡಾಗ ಮೈ ಉರಿಯುತ್ತದೆ.

ಬೆಂಗಳೂರಿನಲ್ಲಿ ಈ ಕಾಯಿಲೆಗೆ ಗಮನ ಕೊಡಲು ಇನ್ನೂ ಒಂದು ಕಾರಣವಿದೆ. ಮಕ್ಕಳ ಶಾಲೆಗೆ ಮೂರು ಕಿಲೋಮೀಟರ್ ಹೋಗಿ ಬಂದು ನಿಲ್ಲಿಸುವ ಕಾರು, ಸಿಲ್ಕ್ ಬೋರ್ಡಿನಲ್ಲಿ ಎ.ಸಿ. ಹಾಕಿಕೊಂಡು ನಿಂತಲ್ಲೇ ಉರಿಯುವ ಕಾರು, ಎರಡರ ಬ್ಯಾಟರಿಯೂ ಹೊಟ್ಟೆ ತುಂಬಾ ಉಣ್ಣುವುದಿಲ್ಲ. ಅರೆಹೊಟ್ಟೆಯ ಬ್ಯಾಟರಿಗೆ ಟರ್ಮಿನಲ್ಲಿನ ಸಣ್ಣ ತಡೆಯೂ ಭಾರವೇ. ರಸ್ತೆ ಗುಂಡಿಗಳ ಪಾಲೂ ಇದೆ: ಬ್ಯಾಟರಿಯನ್ನು ಹಿಡಿದಿಡುವ ಪಟ್ಟಿ ಸಡಿಲವಾಗಿದ್ದರೆ ಕುಲುಕಾಟಕ್ಕೆ ಟರ್ಮಿನಲ್ಲಿನ ಬುಡವೇ ಬಿರುಕು ಬಿಡಬಹುದು. ನೀರು ಹಾಕುವ ಬಗೆಯ ಬ್ಯಾಟರಿಯಾದರೆ ಗುರುತಿನ ಗೆರೆಯವರೆಗೆ ಡಿಸ್ಟಿಲ್ಡ್ ವಾಟರ್ ಮಾತ್ರ. ಕೊಳವೆಬಾವಿಯ ನೀರು ಬೇಡ, ಕಾವೇರಿಯೂ ಬೇಡ. ತುಂಬಿ ತುಳುಕಿಸಿದರೆ ಮುಂದಿನ ಗುಂಡಿಯಲ್ಲಿ ಆಮ್ಲ ಮೇಲೆ ಚೆಲ್ಲುತ್ತದೆ.

ನಮ್ಮ ಮಹಡಿಯಲ್ಲೊಬ್ಬರು ವಿದ್ಯುತ್ ಕಾರು ಕೊಂಡ ಮೇಲೆ ಇಂಥ ಗೋಳು ನಮಗಿಲ್ಲ ಎಂದು ಬೀಗುತ್ತಿದ್ದರು. ಅವರ ಕಾರಿನಲ್ಲೂ ಬಾಗಿಲು, ದೀಪ, ಪರದೆಗಳನ್ನು ಎಚ್ಚರಿಸಲು 12 ವೋಲ್ಟಿನ ಚಿಕ್ಕ ಬ್ಯಾಟರಿಯೊಂದಿದೆ. ದೊಡ್ಡ ಬ್ಯಾಟರಿ ಪೂರ್ತಿ ತುಂಬಿದ್ದಾಗಲೇ ಆ ಚಿಕ್ಕದು ಕೈಕೊಟ್ಟ ದಿನ ಅವರೂ ನಮ್ಮಂತೆಯೇ ಆಟೊ ಹತ್ತಿದರು.

ಆಯುಧ ಪೂಜೆಯ ಬಗ್ಗೆ ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ವರ್ಷಕ್ಕೊಮ್ಮೆ ಗಾಡಿ ತೊಳೆದು, ಬಾಳೆಕಂದು ಕಟ್ಟಿ, ಚಕ್ರಕ್ಕೆ ನಿಂಬೆಹಣ್ಣು ಇಟ್ಟು, ರಸ್ತೆಯ ನಡುವೆ ಬೂದುಗುಂಬಳ ಒಡೆಯುತ್ತೇವೆ. ಪೂಜೆ ಆಯುಧಕ್ಕಾದರೆ ಆಯುಧದ ಒಳಗನ್ನೂ ನೋಡಬೇಡವೇ? ನಮ್ಮ ಊರಲ್ಲಿ ಆ ದಿನ ಕತ್ತಿಗೆ ಕುಂಕುಮ ಹಚ್ಚುವ ಮುನ್ನ ಸಾಣೆ ಹಿಡಿಯುತ್ತಿದ್ದರು. ಇಲ್ಲಿ ನಾವು ಬಾನೆಟ್ಟಿನ ಮೇಲೆ ಸ್ವಸ್ತಿಕ ಬರೆದು ಕೈಮುಗಿಯುತ್ತೇವೆ. ಹತ್ತು ನಿಮಿಷ ಅದನ್ನು ಎತ್ತಿ ಟರ್ಮಿನಲ್ ನೋಡಿ. ಆಮೇಲೆ ಬೇಕಾದಷ್ಟು ಹೂವು ಏರಿಸಿ. ಕರ್ಪೂರವನ್ನು ಮಾತ್ರ ಬ್ಯಾಟರಿಯ ಹತ್ತಿರ ಒಯ್ಯಬೇಡಿ, ಹೈಡ್ರೋಜನ್ನಿಗೆ ಭಕ್ತಿ ಗೊತ್ತಾಗುವುದಿಲ್ಲ.

ಹಾಗೆಂದು ಬ್ಯಾಟರಿಗಳು ಸಾಯುವುದೇ ಇಲ್ಲವೆಂದಲ್ಲ. ಮೂರು ನಾಲ್ಕು ವರ್ಷಕ್ಕೆ ಅವುಗಳ ಆಯಸ್ಸು ಮುಗಿಯುವುದು ಸಾಮಾನ್ಯ. ಪೂರ್ತಿ ಚಾರ್ಜ್ ಮಾಡಿ ಕೆಲವು ಗಂಟೆ ಸುಮ್ಮನೆ ಬಿಟ್ಟ ಬ್ಯಾಟರಿ 12.6 ವೋಲ್ಟಿನ ಆಸುಪಾಸು ತೋರಿಸಬೇಕು. ರಾತ್ರಿಯಿಡೀ ಚಾರ್ಜಿಗೆ ಹಾಕಿದರೂ 12ರಲ್ಲೇ ಕೂತಿದ್ದರೆ ಸೋಡಾ ಏನೂ ಮಾಡಲಾರದು. ತೊಳೆದ ಕೆಲವೇ ವಾರಗಳಲ್ಲಿ ಕಿಲುಬು ಮರಳಿ ಬಂದರೆ ತಪ್ಪು ಬೇರೆಲ್ಲೋ ಇದೆ: ಬುಡ ಬಿರಿದಿರಬಹುದು, ಇಲ್ಲವೇ ಎಂಜಿನ್ ಓಡುವಾಗ ಬ್ಯಾಟರಿಗೆ ವಿದ್ಯುತ್ ತುಂಬುವ ಆಲ್ಟರ್ನೇಟರ್ ಅತಿಯಾಗಿ ಚಾರ್ಜ್ ಮಾಡುತ್ತಿರಬಹುದು. ಎಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.4 ವೋಲ್ಟ್ ಇರಬೇಕು. 15 ದಾಟಿದರೆ ಮೆಕ್ಯಾನಿಕ್ ಬೇಕೇ ಬೇಕು. ನಿಜವಾಗಿ ಸತ್ತದ್ದನ್ನು ಕಸದ ಗಾಡಿಗೆ ಹಾಕದೆ ಅಂಗಡಿಗೇ ಮರಳಿಸಿ. ಮನೆಯ ಕಸದೊಡನೆ ಬೆರೆಸಬಾರದು ಎಂದು 2022ರ ಬ್ಯಾಟರಿ ತ್ಯಾಜ್ಯ ನಿಯಮಗಳೂ ಹೇಳುತ್ತವೆ.

ಅಂದು ಮಧ್ಯಾಹ್ನ ಎಲ್ಲ ಜೋಡಿಸಿ ಕೀಲಿ ತಿರುಗಿಸಿದೆ. ಒಂದೇ ಸಲಕ್ಕೆ ಎಂಜಿನ್ ಗುರುಗುಟ್ಟಿತು. ಗಡಿಯಾರ ಮಾತ್ರ ಹನ್ನೆರಡಕ್ಕೆ ಮರಳಿತ್ತು. ಖರ್ಚು: ಒಂದು ಚಮಚ ಸೋಡಾ, ಚಳಿಗಾಲದಲ್ಲಿ ಮಗಳ ತುಟಿಗೆ ತಂದಿದ್ದ ವ್ಯಾಸಲಿನ್, ಒಂದು ಚೂರು ಉಪ್ಪುಕಾಗದ. ನಾನು ದಿಗ್ವಿಜಯ ಮಾಡಿದವನಂತೆ ಅಪ್ಪಯ್ಯನ ಕಡೆ ತಿರುಗಿದೆ. ಅವರು ಕಪ್ಪು ಕನ್ನಡಕ ತೆಗೆಯದೆಯೇ ಕೇಳಿದರು:

“ಎರಡು ವರ್ಷದ ಹಿಂದೆ ಒಂದನ್ನು ಎಸೆದೆ ಎಂದೆಯಲ್ಲ, ಅದನ್ನು ಹೀಗೆ ತೊಳೆದು ನೋಡಿದ್ದೆಯಾ?”

ಅದಕ್ಕೆ ಅಂಗಡಿಯವರು ಗುಜರಿ ಲೆಕ್ಕದಲ್ಲಿ ಎಂಟುನೂರು ರೂಪಾಯಿ ಹಿಡಿದುಕೊಂಡಿದ್ದರು. ಅದು ಈಗ ಯಾರ ಕಾರಿನಲ್ಲಿ ಓಡುತ್ತಿದೆಯೋ.