ರಾವಣನ ಕಿರೀಟಕ್ಕೆ 791.53

ನವೆಂಬರ್ ಬಂತೆಂದರೆ ನಮ್ಮ ಸಾರ್ವಜನಿಕ ಗ್ರಂಥಾಲಯಗಳಿಗೆ ಸಂಸ್ಕೃತಿಯ ನೆನಪಾಗುತ್ತದೆ. ಒಂದನೇ ತಾರೀಖು ರಾಜ್ಯೋತ್ಸವ, 14ರಿಂದ 20ರವರೆಗೆ ಗ್ರಂಥಾಲಯ ಸಪ್ತಾಹ. ನಡುವೆ ಒಂದು ‘ಸ್ಥಳೀಯ ಕಲೆ ಮತ್ತು ಪರಂಪರೆ ಪ್ರದರ್ಶನ’ ಇಟ್ಟರೆ ಒಂದೇ ಶಾಮಿಯಾನಕ್ಕೆ ಎರಡು ವರದಿ. ‘ಪ್ರದರ್ಶನದ ಪ್ರಯುಕ್ತ ಓದುಗರಿಗೆ ಪ್ರವೇಶವಿಲ್ಲ’ ಎಂಬ ಚೀಟಿಯನ್ನು ಓದುವ ಕೋಣೆಯ ಬಾಗಿಲಿಗೆ ಅಂಟಿಸುವುದೇ ಮೊದಲ ಕೆಲಸ. 1965ರ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯ ಜೊತೆ ಶೇ 6ರಷ್ಟು ಗ್ರಂಥಾಲಯ ಕರ ಕಟ್ಟುವವರ ಮಕ್ಕಳು ಮೆಟ್ಟಿಲ ಮೇಲೆ ಕೂತು, ಸ್ಪರ್ಧಾತ್ಮಕ ಪರೀಕ್ಷೆಗಾಗಿ ಕರ್ನಾಟಕದ ಜನಪದ ಕಲೆಗಳ ಪಟ್ಟಿ ಬಾಯಿಪಾಠ ಮಾಡುತ್ತಾರೆ. ಅದೇ ಕಲೆಗಳು ಒಳಗೆ ಬೀಗ ಹಾಕಿಸಿಕೊಂಡು ಗಣ್ಯರಿಗಾಗಿ ಕಾಯುತ್ತಿರುತ್ತವೆ.

ಬೇಕಾಗುವ ಸಾಮಗ್ರಿ ಹೆಚ್ಚೇನಿಲ್ಲ. ಥರ್ಮೋಕೋಲ್, ಡ್ರಾಯಿಂಗ್ ಪಿನ್ನು, ಸೆಲ್ಲೋಟೇಪು ಮತ್ತು ಗೋಡೆಯುದ್ದದ ಫ್ಲೆಕ್ಸು. ಫ್ಲೆಕ್ಸಿನಲ್ಲಿ ಗಣ್ಯರ ಹೆಸರು ಪದವಿಗಳ ಸಮೇತ ಇರಬೇಕು. ಕಲಾವಿದರಿಗೆ ‘ಸ್ಥಳೀಯ ಕಲಾವಿದರು’ ಎಂದರೆ ಸಾಕು, ಅವರೆಲ್ಲಿ ಹೋಗುತ್ತಾರೆ?

ಮುಖ್ಯ ಆಕರ್ಷಣೆ ತೊಗಲುಗೊಂಬೆಯ ರಾವಣ. ಮೇಕೆಯ ಚರ್ಮವನ್ನು ಬೆಳಕು ಹಾಯುವಷ್ಟು ತೆಳ್ಳಗೆ ಹೆರೆದು, ಉಳಿಯಿಂದ ತೂತು ಕೊರೆದು, ಎರಡೂ ಬದಿಗೆ ಬಣ್ಣ ಹಚ್ಚಿದ ಗೊಂಬೆ ಅದು. ಹಿಂದಿನಿಂದ ಬೆಳಕು ಬಿದ್ದರೆ ಮಾತ್ರ ಅದಕ್ಕೆ ಜೀವ. ನಾವು ಅವನನ್ನು ಥರ್ಮೋಕೋಲಿಗೆ ಬೆನ್ನು ಹಚ್ಚಿಸಿ ನಿಲ್ಲಿಸಿ, ಭುಜಕ್ಕೆರಡು, ಪಾದಕ್ಕೆರಡು ಪಿನ್ನು ಚುಚ್ಚುತ್ತೇವೆ. ಕೆಂಪು, ಹಸಿರು ಎಲ್ಲ ಒಂದೇ ಕಂದು. ‘ಕಾಣಿಸ್ತಿಲ್ಲವಲ್ರೀ’ ಎಂದು ಯಾರೋ ಗೊಣಗಿದರೆ ಎದುರಿಗೊಂದು ಹ್ಯಾಲೊಜೆನ್ ದೀಪ. ಈ ಚರ್ಮ ಗಾಳಿಯ ತೇವ ಕುಡಿದು ಹಿಗ್ಗುತ್ತದೆ, ಕಾವಿಗೆ ಕುಗ್ಗುತ್ತದೆ. ಅಲುಗಾಡಲು ಪಿನ್ನು ಬಿಡುವುದಿಲ್ಲ. ಹಾಗಾಗಿ ಮೊದಲು ತೂತಿನ ಸುತ್ತ ನೆರಿಗೆ, ಆಮೇಲೆ ಸೀಳು. ಸಂಜೆಯೊಳಗೆ ಹತ್ತು ತಲೆಗಳೂ ಭಿನ್ನಮತೀಯರ ಸಭೆಯಂತೆ ಒಂದೊಂದು ದಿಕ್ಕಿಗೆ. ಬಿಳಿ ಪಂಚೆಯೊಂದನ್ನು ಬಿಗಿದು ಕಟ್ಟಿ, ಅದರ ಹಿಂದೆ ಒಂದಡಿ ದೂರದಲ್ಲಿ ಕಾವು ಕಡಿಮೆಯ ಎಲ್‌ಇಡಿ ಇಟ್ಟು, ಮುಂದೆ ಗೊಂಬೆಯನ್ನು ಅದರ ಕಡ್ಡಿಗೇ ದಾರ ಕಟ್ಟಿ ತೂಗುಬಿಟ್ಟರೆ ಮುಗಿಯಿತು. ಆದರೆ ಪಂಚೆಗೆ ಕೊಟೇಷನ್ ಕರೆಯುವವರು ಯಾರು?

ಇನ್ನು ತಾಳೆಗರಿ. ಅದನ್ನು ಕಾಪಾಡಲೇಬೇಕೆಂಬ ಕಾಳಜಿಯಿಂದ ಲ್ಯಾಮಿನೇಷನ್ ಮಾಡಿಸುತ್ತಾರೆ. ಕಂಠವೆಂಬ ಮೊನಚು ಲೋಹದ ಲೇಖನಿಯಿಂದ ಕೊರೆದು, ಗೆರೆಗಳಿಗೆ ಕಾಡಿಗೆ ತಿಕ್ಕಿದ ಗರಿಯನ್ನು ಬಿಸಿ ರೋಲರುಗಳ ನಡುವೆ ತೂರಿಸಿದರೆ ಒಣಗಿ ಚಟಚಟ ಬಿರಿಯುತ್ತದೆ. ಕರಗಿ ಅಂಟಿದ ಪ್ಲಾಸ್ಟಿಕ್ಕನ್ನು ಬಿಡಿಸಲು ಹೋದರೆ ಅಕ್ಷರವೂ ಜೊತೆಗೇ ಎದ್ದು ಬರುತ್ತದೆ. ನಿಂಬೆಹುಲ್ಲಿನ ಎಣ್ಣೆಯನ್ನು ತೆಳ್ಳಗೆ ಸವರಿ, ಎರಡು ಮರದ ಹಲಗೆಗಳ ನಡುವೆ ಬಟ್ಟೆಯಲ್ಲಿ ಸುತ್ತಿಡುವುದು ಹಿಂದಿನವರ ಪದ್ಧತಿ. ಅದು ಫೋಟೋದಲ್ಲಿ ಮಿರುಗುವುದಿಲ್ಲ, ಬಿಡಿ. ಕೊನೆಗೆ ಗರಿಯನ್ನು ತಲೆಕೆಳಗಾಗಿಟ್ಟು, ಅಚ್ಚ ಹಳಗನ್ನಡಕ್ಕೆ ‘ಓದಲಾಗದ ಪ್ರಾಚೀನ ಲಿಪಿ’ ಎಂಬ ಫಲಕ.

ಬೆಳಕಿನದು ಬೇರೆಯೇ ಲೆಕ್ಕ. ನೈಸರ್ಗಿಕ ಬಣ್ಣದ ಚಿತ್ರಗಳಿಗೆ, ಹಳೆಯ ಬಟ್ಟೆಗೆ ವಸ್ತುಸಂಗ್ರಹಾಲಯದವರು ಬೆಳಕನ್ನು 50 ಲಕ್ಸ್ (ಮೇಲೆ ಬೀಳುವ ಬೆಳಕಿನ ಅಳತೆ) ಮೀರಗೊಡುವುದಿಲ್ಲ. ಓದುವ ಕೋಣೆಗೆ 300 ಲಕ್ಸ್ ಆದರೂ ಬೇಕು. ಅದು ಕಣ್ಣಿಗಾಗಿ ಮಾಡಿದ ಏರ್ಪಾಡು. ಬೆಳಕಿನ ಪೆಟ್ಟು ಕೂಡುತ್ತಾ ಹೋಗುವಂಥದ್ದು, ಮಾಸಿದ ಬಣ್ಣ ಕತ್ತಲಲ್ಲಿ ವಿಶ್ರಾಂತಿ ಕೊಟ್ಟರೂ ಮರಳುವುದಿಲ್ಲ. ಅಂದರೆ ಇಲ್ಲಿನ ಒಂದು ದಿನ ಅಲ್ಲಿನ ಆರು ದಿನಕ್ಕೆ ಸಮ. ಕಸೂತಿ ಸೀರೆಯನ್ನು ಕಿಟಕಿಯ ಸರಳಿಗೇ ಇಳಿಬಿಟ್ಟ ಕಡೆ ಈ ಲೆಕ್ಕವೂ ಸಾಲದು. ಕೊಳೆಯಾದರೆ ಒಗೆಯಬಹುದೆಂಬ ಧೈರ್ಯ ಬೇರೆ.

ಉದ್ಘಾಟಕರ ಕಾರು ಗೇಟಿಗೆ ಬಂದಾಗ ಒಬ್ಬರು ಒದ್ದೆ ಬಟ್ಟೆ ಹಿಡಿದು ಓಡುತ್ತಾರೆ. ಮೈಸೂರು ಶೈಲಿಯ ಸರಸ್ವತಿಯ ಮೇಲೆ ದೂಳು ಕೂತಿದೆಯಲ್ಲ! ಅಂಟು ಬೆರೆಸಿದ ಬಣ್ಣಕ್ಕೆ, ಉಬ್ಬುಗೆಲಸದ ಮೇಲೆ ಕೂರಿಸಿದ ಚಿನ್ನದ ರೇಕಿಗೆ ನೀರಾಗದು. ಎರಡು ಸಲ ಉಜ್ಜುವಷ್ಟರಲ್ಲಿ ವೀಣೆಯ ಚಿನ್ನ ಬಟ್ಟೆಯಲ್ಲಿ. ಭಾಷಣ ಎರಡು ಗಂಟೆ, ವೀಕ್ಷಣೆ ನಾಲ್ಕು ನಿಮಿಷ.

ಸಪ್ತಾಹ ಮುಗಿದ ಮೇಲೆ ದಾಖಲೆ. ಗ್ರಂಥಾಲಯದೊಳಗೆ ಬಂದದ್ದಕ್ಕೆಲ್ಲ ಪರಿಗ್ರಹಣ ಸಂಖ್ಯೆ, ಅಂದರೆ ದಾಖಲಾತಿ ಪುಸ್ತಕದ ಕ್ರಮಸಂಖ್ಯೆ, ಬೀಳಲೇಬೇಕು ಎಂಬ ಶಿಸ್ತು ನಮ್ಮದು. ರಾವಣನ ಎದೆಗೊಂದು ನೇರಳೆ ಮೊಹರು, ಐದನೇ ತಲೆಯ ಹಿಂಬದಿಗೆ ಗುಟ್ಟಿನ ಮೊಹರು. ಪುಸ್ತಕಗಳನ್ನು ವಿಷಯವಾರು ಜೋಡಿಸುವ ಡ್ಯೂಯಿ ವರ್ಗೀಕರಣದಲ್ಲಿ ಗೊಂಬೆಯಾಟದ ಸಂಖ್ಯೆ 791.53, ಅದನ್ನು ಕಿರೀಟಕ್ಕೆ ಅಂಟಿಸಲಾಗುತ್ತದೆ. ರಿಜಿಸ್ಟರಿನಲ್ಲಿ ಲೇಖಕ: ಗೊತ್ತಿಲ್ಲ. ಪುಟ: 1. ಬೈಂಡಿಂಗ್: ಪೂರ್ಣ ಚರ್ಮ.

ಗೊಂಬೆ ಕೊಟ್ಟಿದ್ದ ಕಲಾವಿದರು, ಜಾತ್ರೆಯಲ್ಲಿ ಆಟವಿದೆ, ವಾಪಸು ಕೊಡಿ ಸ್ವಾಮಿ ಎಂದು ಬಂದರೆ ಸಿಬ್ಬಂದಿ ಮೊದಲು ಸದಸ್ಯತ್ವದ ಕಾರ್ಡು ಕೇಳುತ್ತಾರೆ. ಕಾರ್ಡಿದ್ದರೂ ಪ್ರಯೋಜನವಿಲ್ಲ. ‘ಇದು ಪರಾಮರ್ಶನ ವಿಭಾಗಕ್ಕೆ ಸೇರಿಬಿಟ್ಟಿದೆ ಯಜಮಾನ್ರೇ, ಹೊರಗೆ ಕೊಡೋ ಹಾಗಿಲ್ಲ. ಬೇಕಾದ್ರೆ ಇಲ್ಲೇ ಮೂಲೇಲಿ ಕೂತು ಆಡಿಸ್ಕೊಂಡು ಹೋಗಿ. ಸದ್ದು ಮಾತ್ರ ಮಾಡಬೇಡಿ.’