ಎರಡು ಟಿಬಿ ಊರಿಗೆ ಒಂದು ಪೆನ್‌ಡ್ರೈವ್

ಬೆಂಗಳೂರಿನಲ್ಲಿ ಕಾರಿಗೆ ಪೆನ್‌ಡ್ರೈವ್ ಕೊಳ್ಳುವುದು ಸೈಟು ಕೊಂಡ ಹಾಗೆ. ಮಾರುವವರು ಅಳತೆ ಹೇಳುತ್ತಾರೆ. ನಾವು ನಂಬುತ್ತೇವೆ. ನಿಜವಾಗಿ ಎಷ್ಟಿದೆ ಅಂತ ಗೊತ್ತಾಗುವುದು ದುಡ್ಡು ಕೊಟ್ಟು, ಪೂಜೆ ಮುಗಿಸಿ, ಒಳಗೆ ಸಾಮಾನು ಇಡಲು ಹೊರಟಾಗ.

ಆನ್‌ಲೈನ್‌ನಲ್ಲಿ 2 ಟಿಬಿ, ಅಂದರೆ ಎರಡು ಸಾವಿರ ಜಿಬಿಯ ಪೆನ್‌ಡ್ರೈವ್ ಐನೂರು ರೂಪಾಯಿಗೂ ಕಡಿಮೆಗೆ ಸಿಗುತ್ತದೆ. ಉಕ್ಕಿನ ಮೈ, ಕೀ ಗೊಂಚಲಿಗೆ ಸಿಕ್ಕಿಸಲು ಬಳೆ, ಮೇಲೆ ದಪ್ಪಕ್ಷರದಲ್ಲಿ 2 ಟಿಬಿ. ಮಾರ್ಕೆಟ್‌ನಲ್ಲಿ ಕಾಲು ಕಿಲೋ ಬೀನ್ಸ್ ತೆಗೆದುಕೊಳ್ಳುವಾಗ ಒಂದೊಂದನ್ನೂ ಮುರಿದು ನೋಡುವ ಜನ ಇದನ್ನು ಮಾತ್ರ ಕಣ್ಣುಮುಚ್ಚಿ ಕೊಳ್ಳುತ್ತಾರೆ. ನಮ್ಮ ಅಪಾರ್ಟ್‌ಮೆಂಟಿನ ಯಜಮಾನರೊಬ್ಬರು ಒಂದು ತಂದರು. ಲಿಫ್ಟಿನಲ್ಲಿ ಸಿಕ್ಕವರಿಗೆಲ್ಲ ತೋರಿಸಿದರು. "ನೋಡಿ ಸಾರ್, ಕನ್ನಡದಲ್ಲಿ ಇರೋ ಬರೋ ಹಾಡೆಲ್ಲ ಇದರಲ್ಲಿ ಹಿಡಿಸುತ್ತೆ" ಅಂದರು.

ಹಿಡಿಸುತ್ತೆ, ನಿಜ. ಲೆಕ್ಕ ಹಾಕಿ ನೋಡಿ. ಎಂಪಿ3ಯಲ್ಲೇ ಒಳ್ಳೆಯದು ಅನ್ನುವ 320 ಕೆಬಿಪಿಎಸ್ (ಸೆಕೆಂಡಿಗೆ 320 ಕಿಲೋಬಿಟ್) ಹಾಡು ಗಂಟೆಗೆ 144 ಎಂಬಿ ತಿನ್ನುತ್ತದೆ. ಹಾಗಾದರೆ 2 ಟಿಬಿ ಅಂದರೆ ಸುಮಾರು 13,900 ಗಂಟೆ. ಹಗಲು ರಾತ್ರಿ ನಿಲ್ಲಿಸದೆ ಕೇಳಿದರೆ ಒಂದು ವರ್ಷ ಏಳು ತಿಂಗಳು. ಯಜಮಾನರು ಕಾರಿನಲ್ಲಿ ಕೇಳುವುದು ಒಂದು ಹನ್ನೆರಡು ಹಾಡು. ಅದರಲ್ಲೂ ನಾಲ್ಕಕ್ಕೆ ಮನೆಯವರು ನೆಕ್ಸ್ಟ್ ಒತ್ತುತ್ತಾರೆ.

ಆದರೆ ಒಳಗೆ 2 ಟಿಬಿ ಇದ್ದರೆ ತಾನೆ? ಇಂಥ ಪೆನ್‌ಡ್ರೈವ್ ಒಳಗೆ ಸಾಮಾನ್ಯವಾಗಿ ಇರುವುದು ಎಂಟೋ ಹದಿನಾರೋ ಜಿಬಿಯ ಚಿಪ್. ಅದರ ಪಕ್ಕ ಕಂಟ್ರೋಲರ್ ಅಂತ ಇನ್ನೊಂದು ಚಿಪ್ ಇರುತ್ತದೆ. ಅದಕ್ಕೆ ಸುಳ್ಳು ಹೇಳುವುದನ್ನು ಕಲಿಸಿಟ್ಟಿರುತ್ತಾರೆ. ನಿನ್ನ ಸೈಜ್ ಎಷ್ಟು ಅಂತ ಕಂಪ್ಯೂಟರ್ ಕೇಳಿದರೆ ಒಂಚೂರೂ ನಾಚದೆ 2 ಟಿಬಿ ಅನ್ನುತ್ತದೆ. ನೀವು ಹಾಡು ಕಾಪಿ ಮಾಡುತ್ತಾ ಹೋಗುತ್ತೀರಿ. ಜಾಗ ಮುಗಿದ ಮೇಲೂ ಅದು ಬೇಡ ಅನ್ನುವುದಿಲ್ಲ. ಹೊಸ ಹಾಡನ್ನು ಹಳೆಯದರ ಮೇಲೆ ಬರೆಯುತ್ತದೆ, ಇಲ್ಲವೇ ಬರೆದಂತೆ ನಟಿಸಿ ಗಾಳಿಗೆ ಬಿಡುತ್ತದೆ. ಪಟ್ಟಿ ಮಾತ್ರ ಅಚ್ಚುಕಟ್ಟು. ಹಾಡಿನ ಹೆಸರಿದೆ, ಸೈಜ್ ಇದೆ, ತಾರೀಖಿದೆ. ಪ್ಲೇ ಒತ್ತಿದರೆ ಏನೂ ಇಲ್ಲ.

ಬೇರೆ ಊರಿನವರಾಗಿದ್ದರೆ ಇದನ್ನು ಮೋಸ ಅನ್ನುತ್ತಿದ್ದರು. ನಮಗೆ ಅಭ್ಯಾಸವಾಗಿದೆ.

ಉಪನಗರ ರೈಲನ್ನೇ ತೆಗೆದುಕೊಳ್ಳಿ. 148 ಕಿಲೋಮೀಟರ್, 15,767 ಕೋಟಿ ರೂಪಾಯಿ. 2022ರ ಜೂನ್‌ನಲ್ಲಿ ಶಂಕುಸ್ಥಾಪನೆ ಆಯಿತು, 40 ತಿಂಗಳ ಗಡುವೂ ಸಿಕ್ಕಿತು. ನಾಲ್ಕು ಮಾರ್ಗಗಳಿಗೆ ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ ಅಂತ ಹೆಸರಿಟ್ಟಿದ್ದಾರೆ. ಎಷ್ಟು ಚೆಂದದ ಹೆಸರು, ಅಲ್ವಾ? ಭಾವಗೀತೆ ಕ್ಯಾಸೆಟ್ಟಿನ ಎ ಸೈಡೇ ಸರಿ. 2025ರ ಅಕ್ಟೋಬರ್‌ಗೆ ನಲವತ್ತು ತಿಂಗಳೂ ಮುಗಿದವು. ಪಟ್ಟಿಯಲ್ಲಿ ನಾಲ್ಕೂ ಹೆಸರು ಕಾಣಿಸುತ್ತಿದ್ದವು. ಪ್ಲೇ ಒತ್ತಿದರೆ ಒಂದೂ ಹಾಡಲಿಲ್ಲ.

ಈಜಿಪುರದ ಮೇಲ್ಸೇತುವೆಯದು ಇನ್ನೊಂದು ಬಗೆ. ಅದು ಅರ್ಧ ಕಾಪಿ ಆಗಿ ಹ್ಯಾಂಗ್ ಆದ ಫೈಲು. 2017ರಲ್ಲಿ ಶುರುವಾಗಿ 2019ಕ್ಕೆ ಮುಗಿಯಬೇಕಿತ್ತು. ಎರಡೂವರೆ ಕಿಲೋಮೀಟರ್ ಅಷ್ಟೇ. 2022ರಲ್ಲಿ ಗುತ್ತಿಗೆ ರದ್ದಾಯಿತು, 2023ರಲ್ಲಿ ಬೇರೆ ಗುತ್ತಿಗೆದಾರರು ಬಂದರು. ಅಲ್ಲಿಯವರೆಗೆ ತಲೆ ಇಲ್ಲದ ಕಂಬಗಳು ಸಾಲಾಗಿ ನಿಂತು ಇಷ್ಟು ಪರ್ಸೆಂಟ್ ಆಗಿದೆ ಅಂತ ತೋರಿಸುತ್ತಲೇ ಇದ್ದವು. ಕೋರಮಂಗಲದ ಕಡೆ ಹೋಗುವವರು ಅದರ ಕೆಳಗೆ ನಿಂತು ಕೇಳಿದ ಹಾಡುಗಳಿಗೆ ಲೆಕ್ಕವಿಲ್ಲ.

ಇನ್ನು ಊರ ಹೊರಗೆ ಬರಬೇಕಿದ್ದ ಪೆರಿಫೆರಲ್ ರಿಂಗ್ ರಸ್ತೆ. ಇದು ತೀರಾ ಸುಲಭದ ಕೆಲಸ. ಎರಡು ದಶಕದ ಹತ್ತಿರ ಪ್ಲೇ ಆಗದೆ ಉಳಿದ ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿ, ರಿನೇಮ್ ಒತ್ತಿ, ಬೆಂಗಳೂರು ಬಿಸಿನೆಸ್ ಕಾರಿಡಾರ್ ಅಂತ ಟೈಪ್ ಮಾಡಿದರು.

ಪೆನ್‌ಡ್ರೈವ್ ಸುಳ್ಳು ಹೇಳುತ್ತಿದೆಯಾ ಅಂತ ಹಿಡಿಯಲು ದಾರಿ ಇದೆ. ಎಚ್2ಟೆಸ್ಟ್‌ಡಬ್ಲ್ಯು ಅಂತ ಒಂದು ಹಳೆಯ ಪುಕ್ಕಟೆ ಸಾಫ್ಟ್‌ವೇರ್. ಮಾಡುವುದು ಎರಡೇ ಕೆಲಸ. ಪೂರ್ತಿ ಜಾಗದಲ್ಲಿ ಏನೋ ಬರೆಯುತ್ತದೆ. ಆಮೇಲೆ ಬರೆದದ್ದನ್ನು ಮತ್ತೆ ಓದಿ, ಇದೆಯಾ ಇಲ್ಲವಾ ಅಂತ ಹೇಳುತ್ತದೆ. ಈ ಎರಡನೆಯ ಕೆಲಸ ನಮ್ಮ ಕಡೆ ಬಳಕೆಯಲ್ಲಿಲ್ಲ. ಬಜೆಟ್ ಓದುತ್ತಾರೆ, ಚಪ್ಪಾಳೆ ಬೀಳುತ್ತದೆ. ಹೋದ ವರ್ಷದ್ದನ್ನು ಮತ್ತೆ ತೆಗೆದು ಓದಿ ಅಂದರೆ ಸಭೆ ಮುಂದಕ್ಕೆ ಹೋಗುತ್ತದೆ.

ಹಾಗಾದರೆ ಏನು ಕೊಳ್ಳಬೇಕು? ಅಪಾರ್ಟ್‌ಮೆಂಟಿನ ವಾಟ್ಸ್ಆ್ಯಪ್ ಗುಂಪಿನಲ್ಲಿ ಈ ಪ್ರಶ್ನೆ ಬಿದ್ದ ದಿನ ನೀರಿನ ಟ್ಯಾಂಕರ್ ಜಗಳ ತಾನಾಗಿ ನಿಂತುಹೋಯಿತು. ತಿರುಗುವ ತಟ್ಟೆ ಇಲ್ಲದ ಎಸ್‌ಎಸ್‌ಡಿಯೇ ಬೇಕು ಅಂದರು ಒಬ್ಬರು. ಇನ್ನೊಬ್ಬರು ಹಳೆ ಲ್ಯಾಪ್‌ಟಾಪಿನ ಹಾರ್ಡ್‌ಡಿಸ್ಕ್ ಸುಮ್ನೆ ಬಿದ್ದಿದೆ, ಕೊಡುತ್ತೇನೆ ಅಂದರು. ಒಳಗೆ ತಟ್ಟೆ ನಿಮಿಷಕ್ಕೆ 5,400 ಸುತ್ತು ತಿರುಗುತ್ತಿರುವಾಗ ಹೊರಗೆ ಹೊರವರ್ತುಲ ರಸ್ತೆಯ ಗುಂಡಿ. ಆ ಮಾತು ಅಲ್ಲಿಗೇ ಮುಗಿಯಿತು. ಮೂರನೆಯವರು ಧ್ವನಿ ಒಂಚೂರೂ ಕಳೆಯದ ಫ್ಲ್ಯಾಕ್ ಫೈಲು ಬಿಟ್ಟು ಬೇರೇನೂ ಕೇಳುವುದಿಲ್ಲವಂತೆ. ಎಂಪಿ3ಯಲ್ಲಿ ತಂಬೂರಿಯ ಜೀವ ಹೋಗುತ್ತದಂತೆ. ಇರಬಹುದು. ಅವರು ದಿನಾ ಹೋಗುವುದು ಟಿನ್ ಫ್ಯಾಕ್ಟರಿ ಜಂಕ್ಷನ್ ಮೇಲೆ. ಎಡಕ್ಕೆ ಬಸ್ಸು, ಬಲಕ್ಕೆ ರಿವರ್ಸ್ ಹಾರ್ನ್ ಕೂಗುವ ಟ್ಯಾಂಕರ್, ಹಿಂದೆ ಸಿಗ್ನಲ್ ಹಸಿರಾಗುವ ಮೊದಲೇ ಹಾರ್ನ್ ಒತ್ತುವ ಆಟೊ. ನಡುವೆ ಕುಳಿತು ಅವರು ತಂಬೂರಿಯ ಜೀವ ಹುಡುಕುತ್ತಾರೆ.

ಜೆ.ಸಿ. ರಸ್ತೆಯಲ್ಲಿ ಕಾರಿಗೆ ಸ್ಟೀರಿಯೊ ಹಾಕುವ ಹುಡುಗರನ್ನು ಕೇಳಿ. "ಪೆನ್‌ಡ್ರೈವ್ ಯಾಕಣ್ಣ, ಬ್ಲೂಟೂತ್ ಹಾಕ್ಕೊಳ್ಳಿ" ಅನ್ನುತ್ತಾರೆ. ಅದೂ ಸರಿಯೇ. ಆಫೀಸಿನ ಎರಡನೇ ಬೇಸ್‌ಮೆಂಟಿಗೆ ಇಳಿದಾಗ ನೆಟ್ ಹೋಗಿ ಪಲ್ಲವಿ ಅರ್ಧಕ್ಕೆ ನಿಲ್ಲುತ್ತದೆ. ಜಾಮಿನಲ್ಲಿರುವಾಗ ಸರಿಯಾಗಿ ಬಾಸ್ ಫೋನ್ ಮಾಡಿ ಚರಣ ನುಂಗುತ್ತಾರೆ, ಅಷ್ಟೇ.

ನಿಜ ಹೇಳಬೇಕೆಂದರೆ 32 ಜಿಬಿ ಧಾರಾಳ. 320 ಕೆಬಿಪಿಎಸ್‌ನಲ್ಲಿ 222 ಗಂಟೆ ಹಾಡು ಹಿಡಿಸುತ್ತದೆ. ಹೋಗಲು ಬರಲು ದಿನಕ್ಕೆ ಎರಡು ಗಂಟೆ ಅಂದುಕೊಂಡರೂ ಐದು ತಿಂಗಳ ಆಫೀಸು ದಿನಗಳಿಗೆ ಒಂದು ಹಾಡೂ ಮತ್ತೆ ಬರುವುದಿಲ್ಲ. ಎರಡು ಗಂಟೆ ಅನ್ನುವುದು ನನ್ನ ಉದಾರತೆ. ಟಾಮ್‌ಟಾಮ್ ಕಂಪನಿ 2022ರಲ್ಲಿ ಊರೂರಿನ ಟ್ರಾಫಿಕ್ ಅಳೆದಾಗ ಈ ಊರಿನ ನಡುಭಾಗದಲ್ಲಿ 10 ಕಿಲೋಮೀಟರ್ ಹೋಗಲು ಸರಾಸರಿ 29 ನಿಮಿಷ 10 ಸೆಕೆಂಡ್ ಬೇಕಾಗಿತ್ತು. ಜಗತ್ತಿನಲ್ಲಿ ಲಂಡನ್ ಬಿಟ್ಟರೆ ನಾವೇ. ಐದು ನಿಮಿಷದ್ದು ಆರು ಹಾಡು ಅನ್ನಿ. ಸಿಲ್ಕ್ ಬೋರ್ಡ್ ಜಂಕ್ಷನ್ ದಾಟುವವರು ಇದನ್ನು ಓದಿ, ಬರೀ ಆರಾ ಅಂತ ಅಸೂಯೆ ಪಟ್ಟಿರುತ್ತಾರೆ.

32 ಜಿಬಿ ಕೊಳ್ಳಿ ಅನ್ನಲು ಇನ್ನೊಂದು ಕಾರಣ ಇದೆ. ಹಳೆಯ ಕಾರುಗಳ ಸ್ಟೀರಿಯೊಗಳಲ್ಲಿ ಬಹುಪಾಲು ಓದುವುದು ಫ್ಯಾಟ್32 ಎಂಬ, ಫೈಲು ಜೋಡಿಸಿಡುವ 1996ರ ಪದ್ಧತಿಯನ್ನು ಮಾತ್ರ. ದೊಡ್ಡ ಪೆನ್‌ಡ್ರೈವ್‌ಗಳು ಎಕ್ಸ್‌ಫ್ಯಾಟ್ ಎಂಬ ಇನ್ನೊಂದು ಪದ್ಧತಿಯಲ್ಲಿ ಬರುತ್ತವೆ. ಚುಚ್ಚಿದರೆ ಸ್ಟೀರಿಯೊ ನೋ ಫೈಲ್ ಅಂತ ಮುಖ ತಿರುಗಿಸುತ್ತದೆ. ಫ್ಯಾಟ್32ಗೆ ಬದಲಾಯಿಸೋಣ ಅಂದರೆ ವಿಂಡೋಸ್‌ನ ಮಾಮೂಲಿ ಫಾರ್ಮ್ಯಾಟ್ ಕಿಟಕಿ ವರ್ಷಾನುಗಟ್ಟಲೆ 32 ಜಿಬಿಗಿಂತ ಜಾಸ್ತಿಗೆ ಒಪ್ಪಿಲ್ಲ. ಯಾಕೆ ಅಂತ ಆ ಕಿಟಕಿ ಬರೆದ ಮೈಕ್ರೋಸಾಫ್ಟ್‌ನ ಹಳೆಯ ಎಂಜಿನಿಯರ್ ಡೇವ್ ಪ್ಲಮ್ಮರ್ ಅವರೇ 2024ರಲ್ಲಿ ಹೇಳಿಕೊಂಡರು. 1994ರ ಕೊನೆಯಲ್ಲಿ, ಒಂದು ಮಳೆಯ ಬೆಳಗ್ಗೆ, ಸದ್ಯಕ್ಕಿರಲಿ ಅಂತ ಮಾಡಿದ್ದಂತೆ. 32ರ ಮಿತಿಯನ್ನೂ ಅವತ್ತೇ ಹಾಕಿದ್ದಂತೆ. ಮೂವತ್ತು ವರ್ಷ ಅದೇ ನಡೆಯಿತು. ಇದನ್ನು ಕೇಳಿ ಅಮೆರಿಕದವರು ಬಿದ್ದು ಬಿದ್ದು ನಕ್ಕರು. ತಾತ್ಕಾಲಿಕ ಬ್ಯಾರಿಕೇಡ್, ತಾತ್ಕಾಲಿಕ ತಿರುವು, ಗುಂಡಿಗೆ ತಾತ್ಕಾಲಿಕ ಜಲ್ಲಿ ನೋಡಿಕೊಂಡೇ ಬೆಳೆದ ನಮಗೆ ನಗು ಬರಲಿಲ್ಲ. ಆ ಪ್ಲಮ್ಮರ್ ಸಾಹೇಬರು ಜಯನಗರದ ಕಡೆಯವರೇನೋ ಅನ್ನಿಸಿತು.

ಹಾಡುಗಳ ಕ್ರಮದ್ದು ಬೇರೆ ಗೋಳು. ಕೆಲವು ಸ್ಟೀರಿಯೊಗಳು ನೀವು ಯಾವುದನ್ನು ಮೊದಲು ಕಾಪಿ ಮಾಡಿದಿರೋ ಅದನ್ನೇ ಮೊದಲು ಹಾಡುತ್ತವೆ. ಇನ್ನು ಕೆಲವು 1 ಆದ ಮೇಲೆ 10, 11, 12 ಮುಗಿಸಿ ಆಮೇಲೆ 2ಕ್ಕೆ ಬರುತ್ತವೆ. 01, 02 ಅಂತ ಸೊನ್ನೆ ಹಾಕಿ ನಂಬರ್ ಕೊಟ್ಟರೆ ಸರಿಹೋಗುತ್ತದೆ. ಆರನೇ ಕ್ರಾಸ್ ಪಕ್ಕ ಹದಿನೇಳನೇ ಕ್ರಾಸ್ ಇಟ್ಟವರಿಗೆ ಈ ಸೊನ್ನೆ ಉಪಾಯ ಯಾರೂ ಹೇಳಿಕೊಟ್ಟಿಲ್ಲ ಅಂತ ಕಾಣುತ್ತದೆ.

ಒಂದು ಕಡೆ ಮಾತ್ರ ಎಲ್ಲ ಉಲ್ಟಾ. ಹಾಡಿನ ಹೆಸರನ್ನು ಕನ್ನಡದಲ್ಲಿ ಬರೆದು ಹಾಕಿ ನೋಡಿ. ಹಾಡು ಬರುತ್ತದೆ, ಹೆಸರು ಬರುವುದಿಲ್ಲ. ಎಷ್ಟೋ ಸ್ಟೀರಿಯೊಗಳ ಪರದೆಯ ಮೇಲೆ ಖಾಲಿ ಚೌಕಗಳು, ಇಲ್ಲವೇ ಪ್ರಶ್ನಾರ್ಥಕ ಚಿಹ್ನೆಗಳ ಸಾಲು. ಸ್ಟೀರಿಯೊ ಮಾಡಿದವರು ಅದರಲ್ಲಿ ಕನ್ನಡದ ಅಕ್ಷರ ತುಂಬಿಯೇ ಇರುವುದಿಲ್ಲ. ಹಾಗಾಗಿ ಮನೆಯಲ್ಲಿ ಅಪ್ಪಟ ಕನ್ನಡಿಗರಾಗಿರುವವರೂ ಭಾವಗೀತೆಯ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡುತ್ತಾರೆ. 2024ರಲ್ಲಿ ಕಾನೂನು ತಿದ್ದಿ, ಅಂಗಡಿ ಬೋರ್ಡುಗಳಲ್ಲಿ ಶೇಕಡಾ 60 ಕನ್ನಡ ಇರಲೇಬೇಕು ಅಂದರು. ಒಳ್ಳೆಯದೇ. ಬೋರ್ಡು ನೋಡಲು ಕಾರಿನ ಕಿಟಕಿ ಇಳಿಸಬೇಕು. ಕಿಟಕಿ ಏರಿಸಿದರೆ ಒಳಗೆ ಚೌಕ. ಈ ನಿಯಮ ಡ್ಯಾಶ್‌ಬೋರ್ಡಿಗೂ ಬಂತು ಅಂದುಕೊಳ್ಳಿ, ಹತ್ತು ಚೌಕದಲ್ಲಿ ಆರನ್ನು ಕನ್ನಡದ ಚೌಕ ಅಂತ ಘೋಷಿಸಿ ಕಂಪನಿಯವರು ಸರ್ಟಿಫಿಕೇಟ್ ತಂದು ತೋರಿಸುತ್ತಾರೆ.

ಆ 2 ಟಿಬಿ ಯಜಮಾನರು ಈಗ ಹೊಸ ಯೋಚನೆಯಲ್ಲಿದ್ದಾರೆ. ಒಂದೇ ಪೆನ್‌ಡ್ರೈವನ್ನು ಐದು ಭಾಗ ಮಾಡುತ್ತಾರಂತೆ. ಭಕ್ತಿಗೀತೆಗೆ ಒಂದು, ಹಳೆ ಸಿನಿಮಾಕ್ಕೆ ಒಂದು, ಮಕ್ಕಳಿಗೆ ಒಂದು, ಹೀಗೆ. ಎಲ್ಲಿಂದ ಹೊಳೆಯಿತು ಅಂದರೆ ಪೇಪರ್ ಓದಿ ಅಂದರು. ಹೌದಲ್ಲ. 2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿ ಒಟ್ಟು ಸೇರಿಸಿ ಇನ್ನು ಎಲ್ಲ ಸರಿಹೋಗುತ್ತದೆ ಅಂತ ಬಿಬಿಎಂಪಿ ಮಾಡಿದ್ದರು. 2025ರ ಸೆಪ್ಟೆಂಬರ್‌ನಲ್ಲಿ ಅದನ್ನೇ ಐದು ಪಾಲಿಕೆ ಮಾಡಿ, ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಕೂರಿಸಿ, ಇನ್ನು ಎಲ್ಲ ಸರಿಹೋಗುತ್ತದೆ ಅಂದರು.

ಪಾರ್ಟಿಷನ್ ಮಾಡಿದರೆ ಜಾಗ ಜಾಸ್ತಿ ಆಗುವುದಿಲ್ಲ ಸಾರ್ ಅಂತ ಹೇಳಿ ನೋಡಿದೆ. ಕಡಿಮೆಯೇ ಆಗುತ್ತದೆ. ಪ್ರತಿ ಭಾಗಕ್ಕೂ ತನ್ನದೇ ಪಟ್ಟಿ, ತನ್ನದೇ ಲೆಕ್ಕದ ಪುಸ್ತಕ ಬೇಕು. ಹಾಡು ಹಾಕುವ ಮೊದಲೇ ಅದಕ್ಕೆ ಜಾಗ ಹೋಗುತ್ತದೆ. ಭಾಗ ಮಾಡುವ ಹಳೆಯ ಪದ್ಧತಿಯಲ್ಲಿ ನಾಲ್ಕಕ್ಕಷ್ಟೇ ಪ್ರೈಮರಿ ಅನ್ನುವ ಮರ್ಯಾದೆ, ಐದು ಬೇಕಾದರೆ ಒಂದನ್ನು ಎಕ್ಸ್‌ಟೆಂಡೆಡ್ ಮಾಡಿ, ಉಳಿದವನ್ನು ಅದರೊಳಗೆ ಕೂರಿಸಬೇಕು. ಎಲ್ಲಕ್ಕಿಂತ ಮುಖ್ಯ, ಕಾರಿನ ಸ್ಟೀರಿಯೊಗಳು ಸಾಮಾನ್ಯವಾಗಿ ಮೊದಲ ಭಾಗವನ್ನು ಮಾತ್ರ ಓದುತ್ತವೆ. ಮಿಕ್ಕ ನಾಲ್ಕು ಇವೆ ಅಂತಲೇ ಅವಕ್ಕೆ ಗೊತ್ತಾಗುವುದಿಲ್ಲ.

ಅವರಿಗೆ ಸ್ವಲ್ಪವೂ ಬೇಜಾರಾಗಲಿಲ್ಲ. ಮೊದಲಿಂದ ಊರಂಚಿನ ಮಹದೇವಪುರದಲ್ಲೇ ಇರುವವರು.